ಹೊನವಾಡದ ಗಿಳಿ ಕಲಿತ ನಗು

ಅಂದು ನಳಕ್ಕೆ ನೀರು ಬರುವ ದಿನ. ವಿಜಯಪುರದ ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಅಂಥ ಬೆಳಗಿಗೆ ಅದರದೇ ಸದ್ದುಗಳಿವೆ. ಮೊದಲು ಪೈಪಿನೊಳಗಿನ ಗಾಳಿ ಗೊರಗೊರ ಎನ್ನುತ್ತದೆ, ಆಮೇಲೆ ಯಾರದೋ ಮನೆಯ ಕೊಡ ಕಲ್ಲಿಗೆ ತಾಗುತ್ತದೆ, ಅದರ ಹಿಂದೆಯೇ ಎಲ್ಲರ ಮನೆಯ ಮೋಟಾರುಗಳೂ ಒಟ್ಟಿಗೆ ಶುರುವಾಗುತ್ತವೆ. ನಾನು ಎರಡು ಡ್ರಮ್ಮು, ಕುಡಿಯುವ ನೀರಿನ ತಾಮ್ರದ ಕೊಡ, ಬಚ್ಚಲಿನ ಬಕೆಟ್ಟುಗಳನ್ನು ತುಂಬಿ, ಬಾಗಿಲಿಗೆ ನೀರು ಹಾಕಿ, ಸಣ್ಣದೊಂದು ರಂಗೋಲಿ ಎಳೆದು, ಹಂಚು ಕಾಯಲು ಇಟ್ಟು ಹಿಟ್ಟು ನಾದಿದೆ. ಮಗಳ ಮದುವೆಯಾದ ಮೇಲೆ ನಾವಿಬ್ಬರೇ. ಬೆಳಗಿನ ಹೊತ್ತಿಗೆ ಐದು ರೊಟ್ಟಿ ಸಾಕು. ಅಂದೂ ಐದೇ ಬಡಿದೆ.

ಪಡಸಾಲೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಇವರು ಸ್ಟೂಲಿನ ಮೇಲೆ ನಿಂತು ತೊಲೆಗೆ ಕೊಂಡಿ ಬಡಿಯುತ್ತಿದ್ದರು. ಪಂಪಿನ ಸಾಮಾನಿನ ಅಂಗಡಿ ಇಟ್ಟ ಮನುಷ್ಯ. ಮನೆಯ ಬಲ್ಬು ಬದಲಿಸಬೇಕಾದರೆ ಮೂರು ಸಲ ನೆನಪಿಸಬೇಕು. ಆದರೆ ಹಿಂದಿನ ಸಂಜೆಯೇ ಟೇಪು ಹಿಡಿದು ಪಡಸಾಲೆಯ ಅಳತೆ ತೆಗೆದುಕೊಂಡಿದ್ದರು. ಅಂಗಡಿಯ ರಜೆಯ ದಿನ ಬೆಳಗಾಗುವ ಮೊದಲೇ ಎದ್ದಿದ್ದರು.

"ಪಂಜರ ಇಲ್ಲಿ ಇಟ್ಟು, ಹೊರಗ ಬಿಟ್ಟಾಗ ಕೂಡಾಕ ಇಲ್ಲೊಂದು ಹಗ್ಗ ತೂಗಬಿಟ್ರ ಆತು. ಅದಕ್ಕ ಓಣಿ ಕಾಣತೈತಿ. ಬ್ಯಾಸರ ಆಗೂದಿಲ್ಲ," ಎಂದರು.

ನನಗೆ ಬೇಸರವಾಗುತ್ತದೆಯೇ ಎಂದು ಇವರು ಯಾವತ್ತಾದರೂ ಕೇಳಿದ್ದರೇ ಎಂದು ನಾನು ಹಿಟ್ಟಿನ ಕೈಯಲ್ಲೇ ನಿಂತು ಯೋಚಿಸಿದೆ. ನೆನಪಾಗಲಿಲ್ಲ.

"ತರೂದು ಇನ್ನೂ ಗಟ್ಟಿ ಆಗಿಲ್ರೀ."

"ಕೊಂಡಿ ಇದ್ರ ಏನ್ ಕೆಡತೈತಿ?"

ವಿಷಯ ಇಷ್ಟು. ತಿಕೋಟಾದಾಚೆ ಹೊನವಾಡದಲ್ಲಿ ಇವರ ಅಣ್ಣನ ಮನೆ, ದ್ರಾಕ್ಷಿ ತೋಟ. ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಏಳೆಂಟು ವರ್ಷದಿಂದ ಒಂದು ಗಿಳಿಯನ್ನು ಸಾಕಿದ್ದಾಳೆ. ಹೊಲದಲ್ಲಿ ತೆನೆ ತಿನ್ನುವ ಹಸಿರು ಗಿಳಿಯಲ್ಲ ಅದು. ಆಫ್ರಿಕಾದ ಕಡೆಯದು, ಬೂದಿ ಬಣ್ಣ, ಬಾಲ ಮಾತ್ರ ಕುಂಕುಮದಂತೆ ಕೆಂಪು. ಒಂದೂವರೆ ಗೇಣು ಎತ್ತರ, ಅಡಕೊತ್ತಿನಂಥ ಕೊಕ್ಕು. ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಒಳ್ಳೆಯ ಬೆಲೆ ಬಂದ ಒಂದು ವರ್ಷ ಭಾವ ಅದನ್ನು ಕಾಗದಪತ್ರ ಸಮೇತ ತರಿಸಿದ್ದರು. ಈಗ ಅಕ್ಕನಿಗೆ (ನೆಗೆಣ್ಣಿಯನ್ನು ನಾನು ಕರೆಯುವುದು ಹಾಗೆಯೇ) ಉಸಿರಿನ ತೊಂದರೆ. ಅದರ ರೆಕ್ಕೆಯಿಂದ ಹಿಟ್ಟಿನಂಥ ಧೂಳು ಉದುರುತ್ತದೆ, ಮನೆಯಲ್ಲಿ ಆ ಹಕ್ಕಿ ಇರಕೂಡದು ಎಂದು ಡಾಕ್ಟರು ಹೇಳಿದ್ದಾರೆ. ನೀವು ಒಯ್ಯುವಿರಾದರೆ ನಿಮಗೆ, ಇಲ್ಲದಿದ್ದರೆ ಬಬಲೇಶ್ವರದಲ್ಲಿರುವ ಅಕ್ಕನ ತಮ್ಮನಿಗೆ ಎಂದು ಭಾವ ಫೋನು ಮಾಡಿದ್ದರು. ಆ ತಮ್ಮನ ಹಿತ್ತಲಿನಲ್ಲಿ ಆಗಲೇ ನಾಲ್ಕಾರು ಜಾತಿಯ ಹಕ್ಕಿಗಳಿವೆ.

ಇವರು ಆಗಲಿ ಎಂದುಬಿಟ್ಟಿದ್ದರು. ಆಮೇಲೆ ನನ್ನ ಮುಖ ನೋಡಿ, "ಮನ್ಯಾಗ ನೋಡಕೊಳ್ಳಾಕಿ ನೀನು. ನೀ ಹೂಂ ಅಂದ್ರಷ್ಟ," ಎಂದಿದ್ದರು. ಹೀಗೆ ನಿರ್ಧಾರ ನನ್ನ ಪಾಲಿಗೆ ಬಂದಿತ್ತು.

ಯೋಚಿಸಬೇಕಾದ ಸಂಗತಿಗಳು ಬೇಕಾದಷ್ಟಿದ್ದವು. ಅಂಥ ಗಿಳಿ ನಲವತ್ತು ಐವತ್ತು ವರ್ಷ ಬದುಕುತ್ತದಂತೆ. ನಮ್ಮ ನಂತರ ಯಾರು? ಒಬ್ಬರಿಗೆ ಹೊಂದಿಕೊಂಡದ್ದು ಇನ್ನೊಬ್ಬರ ಕೈಗೆ ಬಂದರೆ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುವುದೂ ಉಂಟಂತೆ. ಬಾಗಿಲ ಚೌಕಟ್ಟು, ಕುರ್ಚಿಯ ಕೈ, ಸಿಕ್ಕಿದ್ದನ್ನು ಕಡಿಯುತ್ತದೆ. ದಿನಕ್ಕೆ ನಾಲ್ಕು ತಾಸು ಹೊರಗೆ ಬಿಟ್ಟು ಮಾತಾಡಿಸಬೇಕು. ಇವನ್ನೆಲ್ಲ ನಾನು ಫೋನಿನಲ್ಲಿ ಓದಿ ತಿಳಿದುಕೊಂಡಿದ್ದೆ. ಆದರೆ ನನ್ನನ್ನು ಮೂರು ದಿನ ಒಳಗೊಳಗೇ ಕೊರೆದದ್ದು ಇವು ಯಾವುದೂ ಅಲ್ಲ. ಆ ಗಿಳಿ ನನ್ನ ಗಂಡನಂತೆ ನಗುತ್ತದೆ.

ಮೊದಲ ಸಲ ಅದನ್ನು ಕೇಳಿದ್ದು ಎರಡು ವರ್ಷದ ಹಿಂದೆ, ಎಳ್ಳಮಾಸ್ಯೆಗೆ ಹೊನವಾಡಕ್ಕೆ ಹೋದಾಗ. ನಾನು ಅಡುಗೆಮನೆಯಲ್ಲಿ ಕಡುಬಿಗೆ ಹೂರಣ ತುಂಬುತ್ತಿದ್ದೆ. ಪಡಸಾಲೆಯಲ್ಲಿ ಇವರು ನಕ್ಕರು. ಹೊಟ್ಟೆಯಿಂದ ಎದ್ದು ಬಂದ ನಗು, ನಡುವೆ ಉಸಿರು ಸಿಕ್ಕಿಹಾಕಿಕೊಂಡು, ಕೊನೆಗೆ "ಅಯ್ಯ ಯಪ್ಪಾ ಸತ್ತೆ" ಎಂದು ಇಳಿಯುವ ನಗು. ನನಗೂ ನಗು ಬಂತು. ಏನು ಅಷ್ಟೊಂದು ಮೋಜು ನೋಡೋಣವೆಂದು ಕೈಯಲ್ಲಿ ಕಡುಬು ಹಿಡಿದುಕೊಂಡೇ ಹೊರಗೆ ಬಂದೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಪಂಜರದ ಮೇಲೆ ಕುಳಿತಿದ್ದ ಗಿಳಿ ಕತ್ತು ಓರೆ ಮಾಡಿ ನನ್ನನ್ನು ನೋಡಿ, ಇನ್ನೊಮ್ಮೆ ನಕ್ಕಿತು. ಇವರು ಆಗ ತೋಟದಲ್ಲಿದ್ದರು.

ಅಕ್ಕ ಹಿಂದಿನಿಂದ ಬಂದು, "ನಿನ್ನ ಗಂಡನ ನಗಿ ನೋಡ ಹೆಂಗ ಕಲತೈತಿ ಹಲ್ಕಟ್ ಗಿಣಿ! ಅಂವ ಬಂದ್ನೋ ಅಂತ ನಾವೂ ಎಷ್ಟೋ ಸಲ ಮೋಸ ಹೋಗೇವಿ," ಎಂದಳು.

ಅವಳಿಗೆ ಅದೊಂದು ತಮಾಷೆ. ನಾನು ಮಾತ್ರ ಕಡುಬಿನ ಅಂಚನ್ನು ಒತ್ತುತ್ತ ಒತ್ತುತ್ತ ಹರಿದೇಬಿಟ್ಟೆ. ಗಿಳಿ ಒಂದು ಸಲ ಕೇಳಿದ್ದನ್ನು ಕಲಿಯುವುದಿಲ್ಲ. ಮತ್ತೆ ಮತ್ತೆ ಕೇಳಬೇಕು, ದಿನಗಟ್ಟಲೆ ಕೇಳಬೇಕು. ಹಾಗಾದರೆ ಇವರು ಈ ಮನೆಯಲ್ಲಿ ಎಷ್ಟು ಸಲ ನಕ್ಕಿರಬಹುದು? ಆ ನಗುವನ್ನು ನಾನು ಕೇಳಿದ್ದು ಮದುವೆಯಾದ ಹೊಸದರಲ್ಲಿ, ಬೀಗರ ಮನೆಯಲ್ಲಿ, ಬೆರಳೆಣಿಕೆಯಷ್ಟು ಸಲ. ನಮ್ಮ ಮನೆಯಲ್ಲಿ ಇವರದು "ಹೂಂ", "ಆತು", "ಚಾ ಮಾಡು". ಬಹಳ ಖುಷಿಯಾದರೆ ಮೀಸೆಯ ಒಂದು ಬದಿ ಮೇಲೇಳುತ್ತದೆ.

ಇವರು ತೋಟದ ಲೆಕ್ಕ ನೋಡಲು ಪ್ರತಿ ರಜೆಗೂ ಹೊನವಾಡಕ್ಕೆ ಹೋಗುತ್ತಾರೆ ಎಂದು ನಾನು ನಂಬಿದ್ದೆ. ನಗಲು ಹೋಗುತ್ತಾರೆ ಎಂದು ಒಂದು ಹಕ್ಕಿ ನನಗೆ ಹೇಳಿತು. ಇದರಲ್ಲಿ ಬೇರೆ ಅರ್ಥ ಹುಡುಕಬೇಡಿ. ಅಕ್ಕ ಇವರಿಗಿಂತ ಹತ್ತು ವರ್ಷ ದೊಡ್ಡವಳು, ಇವರ ಅಂಗಿಯ ಗುಂಡಿ ಹಾಕಿ ಸಾಲೆಗೆ ಕಳಿಸಿದವಳು. ಹಾಗಿದ್ದದ್ದರಿಂದಲೇ ನನಗೆ ಜಗಳವಾಡಲು ಜಾಗವಿರಲಿಲ್ಲ. ಬೇರೆ ಏನಾದರೂ ಇದ್ದಿದ್ದರೆ ಅತ್ತು ಕರೆದು ತವರಿಗೆ ಹೋಗಬಹುದಿತ್ತು. ಗಂಡ ಅಣ್ಣನ ಮನೆಯಲ್ಲಿ ಜೋರಾಗಿ ನಗುತ್ತಾನೆ ಎಂದು ಯಾರ ಹತ್ತಿರ ದೂರುವುದು?

ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಸದ್ದಾಗದಂತೆ ಬಾಗಿಲು ಮುಚ್ಚುವುದನ್ನು, ಕಪ್ಪಿಗೆ ಚಮಚ ತಾಗದಂತೆ ಸಕ್ಕರೆ ಕಲಸುವುದನ್ನು, ನಗು ಬಂದರೆ ಕರ್ಚೀಪನ್ನು ಬಾಯಿಗೆ ಹಿಡಿಯುವುದನ್ನು ಸಿಸ್ಟರುಗಳು ಕಲಿಸಿದ್ದರು. ಎಲ್ಲವನ್ನೂ ಚೆನ್ನಾಗಿ ಕಲಿತೆ. ನಮ್ಮ ಮನೆಗೆ ಬಂದವರು ಎಷ್ಟು ಶಾಂತ, ಎಷ್ಟು ಸ್ವಚ್ಛ ಎನ್ನುತ್ತಾರೆ. ಆ ಶಾಂತಿಯಿಂದ ಗಿಳಿ ಏನು ಕಲಿತೀತು? ಕುಕ್ಕರಿನ ಸೀಟಿ, ಫ್ರಿಜ್ಜಿನ ಗುಂಯ್.

ಇಷ್ಟಾದರೂ ಅದನ್ನು ತರಬೇಕೆಂಬ ಆಸೆ ನನ್ನಲ್ಲಿ ಇವರಿಗಿಂತ ಹೆಚ್ಚೇ ಇತ್ತು. ಕಾರಣ ಬರೆಯಲು ನಾಚಿಕೆಯಾಗುತ್ತದೆ. ಗಿಳಿ ನಮ್ಮ ಮನೆಗೆ ಬಂದರೆ ಇವರು ರಜೆಯ ದಿನ ಮನೆಯಲ್ಲೇ ಇದ್ದಾರು. ಹೊನವಾಡದ ಪಡಸಾಲೆ ನಮ್ಮ ಪಡಸಾಲೆಯಷ್ಟೇ ಸಪ್ಪಗಾದೀತು.

ಕಾರಿನ ಹಿಂದಿನ ಸೀಟಿನ ಮೇಲೆ ಹಳೆಯ ಚಾದರ ಹಾಸಿ ಹೊರಟೆವು. ತಿಕೋಟಾ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಮಣೂಕ ಒಣಗಿಸುವ ಶೆಡ್ಡುಗಳು, ಹಸಿರು ಜಾಳಿಗೆಗಳು. ಇವರು ಹಾಡು ಗುನುಗುತ್ತಿದ್ದರು. ಮನೆಯಿಂದ ಹೊನವಾಡದ ಕಡೆಗೆ ಹೋಗುವಾಗ ಗುನುಗುತ್ತಾರೆ, ಬರುವಾಗ ಇಲ್ಲ. ಅದನ್ನೂ ನಾನು ಅಂದೇ ಗಮನಿಸಿದೆ.

ಅಂಗಳದಲ್ಲಿ ಮಣೂಕ ಆರಿಸುವ ಹೆಂಗಸರು ಸಾಲಾಗಿ ಕುಳಿತಿದ್ದರು. ಅಕ್ಕ ಕಟ್ಟೆಯ ಮೇಲಿದ್ದಳು, ಸೆರಗಿನಿಂದ ಮೂಗು ಮುಚ್ಚಿಕೊಂಡು. ಸೊರಗಿದ್ದಳು. ದನಿ ಮಾತ್ರ ಸೊರಗಿರಲಿಲ್ಲ.

"ನಮ್ಮ ಕಾನ್ವೆಂಟ್ ಬಾಯಾರು ಬಂದ್ರು ನೋಡ್ರಿ! ಎಲ್ಲಾರೂ ನೆಟ್ಟಗ ಕುಂಡರ್ರಿ, ಇಲ್ಲಾಂದ್ರ ಕೈ ಮ್ಯಾಲೆ ಪಟ್ಟಿ ಬೀಳತೈತಿ!" ಎಂದಳು. ಹೆಂಗಸರು ನಕ್ಕರು. ಆಮೇಲೆ ಮೈದುನನ ಕಡೆ ತಿರುಗಿ, "ಏನೋ ಯಪ್ಪಾ, ಬರಬರತ ಸಣ್ಣ ಆಗಾಕತ್ತೀಯಲ್ಲ. ಇಕಿ ರೊಟ್ಟಿ ಎಣಿಸಿ ಹಾಕತಾಳೇನು?"

"ಎಣಿಸೂದಿಲ್ಲ ವೈನಿ, ತೂಗಿ ಹಾಕತಾಳ!"

ಅದೇ ನಗು ಬಂತು. ಹೊಟ್ಟೆಯಿಂದ, ಉಸಿರು ಸಿಕ್ಕಿಹಾಕಿಕೊಂಡು. "ಅಯ್ಯ ಯಪ್ಪಾ ಸತ್ತೆ" ಎಂದು ಇವರು ಮುಗಿಸುವಷ್ಟರಲ್ಲಿ ಒಳಗಿನಿಂದ ಗಿಳಿ ಶುರು ಮಾಡಿತು. ಇಬ್ಬರೂ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡು ನಕ್ಕರು. ಅಕ್ಕನೂ ನಕ್ಕು ನಕ್ಕು ಕೆಮ್ಮಿಗೆ ಬಿದ್ದಳು. ಭಾವ ನೀರು ತಂದು ಕೊಟ್ಟರು. ನಾನು ಎಲ್ಲರ ಚಪ್ಪಲಿಗಳನ್ನು ಜೋಡಿಸಿ ಬದಿಗಿಟ್ಟೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಗಿಳಿಯ ಹತ್ತಿರ ಹೋಗಿ ಒಂದು ಹಸಿ ಮೆಣಸಿನಕಾಯಿ ಚಾಚಿದೆ. ಅದರ ಕಣ್ಣು ತಿಳಿ ಹಳದಿ. ನೋಡುವಾಗ ನಡುವಿನ ಕಪ್ಪು ಚುಕ್ಕೆ ಸಣ್ಣದಾಗಿ ದೊಡ್ಡದಾಗಿ ಆಡುತ್ತದೆ. "ಬಾ," ಎಂದೆ. ಬೆನ್ನು ತಿರುಗಿಸಿತು.

"ಪಿಸಿಪಿಸಿ ಅಂದ್ರ ಅದಕ್ಕ ತಿಳಿಯೂದಿಲ್ಲ ತಂಗಿ," ಎಂದಳು ಅಕ್ಕ ಬಾಗಿಲಲ್ಲಿ ನಿಂತು. "ಒದರು! ಹೊಲದಾಗಿನ ಆಳು ಕರದಂಗ ಒದರು!"

ಒದರಿದೆ. ನನ್ನ ದನಿ ನಡುವೆಯೇ ಒಡೆಯಿತು. ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಗಿಳಿ ತನ್ನ ಹಗ್ಗದ ಮೇಲೆ ಕುಪ್ಪಳಿಸಿ ಕುಳಿತು ಗಂಟೊಂದನ್ನು ಕಡಿಯತೊಡಗಿತು. ದಪ್ಪನೆಯ ನಾರಿನ ಹಗ್ಗ, ಪಂಜರದ ಪಕ್ಕದಲ್ಲಿ ಇಳಿಬಿಟ್ಟದ್ದು, ಕಡಿದು ಕಡಿದು ಅಲ್ಲಲ್ಲಿ ಎಳೆ ಎದ್ದಿತ್ತು. ರಾತ್ರಿ ಅದಕ್ಕೇ ಒರಗಿ ಮಲಗುತ್ತದಂತೆ.

ಊಟವಾದ ಮೇಲೆ ಅಕ್ಕ ಗಿಳಿಯನ್ನು ಕಳಿಸುವ ಸಿದ್ಧತೆಗೆ ನಿಂತಳು. ನಾನಿನ್ನೂ ಹೂಂ ಅಂದಿರಲಿಲ್ಲ. ಬಂದಿದ್ದೇವೆ ಎಂದ ಮೇಲೆ ಒಯ್ಯುತ್ತೇವೆ ಎಂದೇ ಅವಳ ಲೆಕ್ಕ. ಪಂಜರದ ಸರಳಿಗೆ ಅರಿಷಿಣ ಕುಂಕುಮ ಹಚ್ಚಿದಳು. ಒಂದು ಹಿಡಿ ಜೋಳ, ಒಂದು ಕೊಬ್ಬರಿ ಬಟ್ಟಲನ್ನು ಖಣದ ಬಟ್ಟೆಯಲ್ಲಿ ಕಟ್ಟಿದಳು. ಮನೆಯ ಆಕಳನ್ನು ಬೇರೆಯವರಿಗೆ ಕೊಡುವಾಗ ಹಾಗೆ ಉಡಿ ತುಂಬಿ ಕಳಿಸುವುದುಂಟು, ನಾನೂ ನೋಡಿದ್ದೆ. ಆಮೇಲೆ ಗಿಳಿಯನ್ನು ಒಳಗೆ ಬಿಟ್ಟು, ಮೇಲಿನಿಂದ ಹಗ್ಗ ಬಿಚ್ಚಿ, ಸುರುಳಿ ಸುತ್ತಿ, ದೇವರ ಜಗಲಿಯ ಕೆಳಗಿನ ಗೂಡಿನಲ್ಲಿಟ್ಟಳು.

ನಾನು ಅದನ್ನೇ ನೋಡುತ್ತಿದ್ದೆ. ಗಿಳಿ ಹೋದ ಮೇಲೂ ಅದರ ಹಗ್ಗ ಇಲ್ಲಿರುತ್ತದೆ. ಇವರು ಬಂದಾಗ ಅದನ್ನು ತೆಗೆದು ತೋರಿಸಿ, ಆ ಮಾತು ಈ ಮಾತು ನೆನೆದು, ಮತ್ತೆ ನಗುತ್ತಾರೆ. ನನಗೆ ಅದೂ ಬೇಕೆನಿಸಿತು. ಆ ಮನೆಯಲ್ಲಿ ಏನೂ ಉಳಿಯಬಾರದೆನಿಸಿತು.

"ಅಕ್ಕಾ, ಆ ಹಗ್ಗಾನೂ ಕೊಡ್ರಿ," ಎಂದೆ. "ಅದಕ್ಕ ರೂಢಿ ಐತಲ್ರೀ."

ಅಂಗಳದಲ್ಲಿ ಆರಿಸುವ ಹೆಂಗಸರ ಕೈಗಳು ನಿಂತವು. ಭಾವ ನನ್ನತ್ತ ನೋಡದೆ ಟೋಪಿ ತಲೆಗಿಟ್ಟುಕೊಂಡರು. ಇವರು ನನ್ನ ಕಿವಿಯ ಹತ್ತಿರ ಬಂದು, "ಹಂಗ ಕೇಳಬಾರದು. ದನಾ ಕೊಟ್ರೂ ಹಗ್ಗ ಕೊಡೂದಿಲ್ಲ. ಹಗ್ಗ ಹೋದ್ರ ಆ ಮನಿ ಕೊಟ್ಟಿಗಿ ಹೋದಂಗ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು.

ಇಷ್ಟು ವರ್ಷ ಈ ಮನೆಯ ಸೊಸೆಯಾಗಿದ್ದೂ ನನಗೆ ಅದು ಗೊತ್ತಿರಲಿಲ್ಲ. ಉಡಿ ತುಂಬುವುದನ್ನು ಕಂಡಿದ್ದೆ. ಹಗ್ಗ ಹಿಂದೆ ಉಳಿಯುವುದನ್ನು ಕಂಡಿರಲಿಲ್ಲ.

ಅಕ್ಕ ಗೂಡಿಗೆ ಕೈ ಹಾಕಿ ಹಗ್ಗ ತೆಗೆದಳು. "ಇರ್ಲಿ ಬಿಡ್ರಿ. ಪ್ಯಾಟಿಯಾಗ ಬೆಳದಾಕಿ, ಆಕಿಗೇನ ಗೊತ್ತೈತಿ. ಮೂಕ ಜೀವಕ್ಕ ರೂಢಿ ಐತಿ ಅಂತ ಕೇಳ್ಯಾಳ. ಹಿಡಿ ತಂಗಿ," ಎಂದು ನನ್ನ ಕೈಯಲ್ಲಿಟ್ಟಳು.

ಭಾವ ಶೆಡ್ಡಿನ ಕಡೆ ಹೊರಟುಹೋದರು.

ಹಗ್ಗ ನಾನೆಣಿಸಿದ್ದಕ್ಕಿಂತ ಭಾರವಿತ್ತು. ಅಕ್ಕ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದು ಬೆರಳನ್ನು ಸರಳಿನ ನಡುವೆ ಹಾಕಿದಳು. ಗಿಳಿ ತಲೆ ತಗ್ಗಿಸಿ ಕತ್ತಿನ ಪುಕ್ಕವನ್ನೆಲ್ಲ ಬಿಡಿಸಿ ನಿಂತಿತು. ಅವಳು ಕೆರೆದಳು, ಕೆಮ್ಮಿದಳು, ಮತ್ತೆ ಕೆರೆದಳು. "ಸಣ್ಣವ್ವನ ಮನ್ಯಾಗ ಶಾಣ್ಯಾ ಆಗಿ ಇರಬೇಕಪಾ. ಬಾಗಲಾ ಕಡೀಬ್ಯಾಡ," ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತನ್ನದೊಂದು ನನ್ನ ಮನೆಗೆ ಹೋಗುತ್ತಿದೆ ಎಂದು ಅವಳಿಗೆ ದುಃಖವಿತ್ತು. ನನಗೆ ಸಿಗುತ್ತಿದೆ ಎಂದು ಕಿಚ್ಚಿರಲಿಲ್ಲ. ಅದು ನನ್ನನ್ನು ಇನ್ನೂ ಸುಟ್ಟಿತು. ನನ್ನ ಬಗ್ಗೆ ಹೊಟ್ಟೆಕಿಚ್ಚು ಪಡಲು ಯಾರಿಗೂ ಏನೂ ಕಾರಣವಿರಲಿಲ್ಲ.

ಆಗ ಪಂಜರದೊಳಗಿಂದ ಗಿಳಿ ಇವರಂತೆ ನಕ್ಕಿತು. ಅಲ್ಲಿ ಯಾರೂ ಏನೂ ತಮಾಷೆ ಮಾಡಿರಲಿಲ್ಲ. ಅಕ್ಕನ ಬೆರಳು ತಾಗಿದ್ದಕ್ಕೆ ನಕ್ಕಿತು. ನಾಳೆ ನಮ್ಮ ಪಡಸಾಲೆಯಲ್ಲಿ ಅದು ಹೀಗೆಯೇ ನಗುತ್ತದೆ ಎಂದುಕೊಂಡೆ. ನಾನು ಒಬ್ಬಳೇ ಬಟ್ಟೆ ಮಡಚುತ್ತಿರುವಾಗ, ಬೇಳೆ ಆರಿಸುತ್ತಿರುವಾಗ, ಹೊನವಾಡದಲ್ಲಿ ಕಲಿತ ನಗುವನ್ನು ದಿನವೂ ನನಗೆ ಕೇಳಿಸುತ್ತದೆ. ನನ್ನ ಗಂಡ ಪಕ್ಕದಲ್ಲೇ ಪೇಪರು ಓದುತ್ತ ಸುಮ್ಮನಿರುತ್ತಾರೆ. ಐವತ್ತು ವರ್ಷ.

"ಬ್ಯಾಡ ಅಕ್ಕಾ," ಎಂದೆ.

"ಏನ ಬ್ಯಾಡ?"

"ಗಿಣಿ ಬಬಲೇಶ್ವರಕ್ಕ ಕಳಸ್ರಿ. ನಿಮ್ಮ ತಮ್ಮಗ ಹಕ್ಕಿ ಸಾಕಿ ಗೊತ್ತೈತಿ. ತವರಿಗೆ ಹೋದಾಗ ನಿಮಗೂ ನೋಡಾಕ ಸಿಗತೈತಿ. ನನ್ನ ಕೈಯಾಗ ಆಗೂದಿಲ್ಲ." ಹಗ್ಗವನ್ನು ಗೂಡಿನಲ್ಲೇ ಇಟ್ಟೆ.

ಅಕ್ಕ ಎದ್ದು ಬಂದು ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ಲಟಿಗೆ ಮುರಿದಳು. ತನ್ನ ಸಲುವಾಗಿ ನಾನು ಬಿಟ್ಟುಕೊಟ್ಟೆ ಎಂದು ಅವಳು ತಿಳಿದಳು. ಅಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಆ ಉಡಿಯ ಗಂಟನ್ನು ಬಿಚ್ಚದೆ ನನ್ನ ಸೆರಗಿಗೇ ಹಾಕಿದಳು.

ಖಾಲಿ ಚಾದರದ ಜೊತೆ ಹಿಂದಿರುಗಿದೆವು. ಇವರು ತಿಕೋಟಾದ ಬಸ್ ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿ ಎರಡು ಚಹಾ ತಂದರು.

"ಒಂದ್ ಮಾತ ಕೇಳಲಿ? ಯಾಕ ಬ್ಯಾಡ ಅಂದಿ? ಹಗ್ಗದ ಮಾತಿಗೆ ಸಿಟ್ಟ ಬಂತೇನು?"

"ಇಲ್ರೀ."

"ಮತ್ತ?"

ಕಪ್ಪಿನ ಅಂಚನ್ನು ಸೆರಗಿನಿಂದ ಒರೆಸಿದೆ. "ಅದು ನಿಮ್ಮಂಗ ನಗತೈತಿ."

"ನನ್ನಂಗ?" ಇವರು ನಿಜವಾಗಿಯೂ ಬೆರಗಾದರು. "ನಾ ಹಂಗ ನಗತೀನೇನು? ಅಷ್ಟ ಒದರಿ?"

"ಅಲ್ಲಿ ನಗತೀರಿ."

ಇವರು ಚಹಾದ ಕಡೆ ನೋಡುತ್ತ ನಿಂತರು. ಮತ್ತೆ ಕಾರು ಹತ್ತಿದಾಗ ಕನ್ನಡಿಯಲ್ಲಿ ಒಮ್ಮೆ ತಮ್ಮ ಮುಖ ನೋಡಿಕೊಂಡದ್ದನ್ನು ಕಂಡೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಯಜಮಾನರು ಬಂದು ಎಂದಿನಂತೆ ಪಡಸಾಲೆಯಲ್ಲಿ ಕುಳಿತರು. ಅಂಗಡಿ ಇರಲಿ ಬಿಡಲಿ, ಆ ಹೊತ್ತಿಗೆ ನಮ್ಮಲ್ಲಿ ಒಂದು ಕಪ್ಪು ಚಹಾ ಅವರದು. ಗಿಳಿ ಎಲ್ಲಿ ಎಂದು ಕೇಳಿದರು. ಅದು ಬರಲಿಲ್ಲ ಎಂದರು ಇವರು. "ಛಲೋ ಆತು ಬಿಡ್ರಿ, ಇಲ್ಲಾಂದ್ರ ಇಲ್ಲಿ ನನ್ನ ಕುರ್ಚಿ ಅದಕ್ಕ ಹೋಗತಿತ್ತು," ಎಂದು ಅವರೇ ಹೇಳಿ ಅವರೇ ನಕ್ಕರು, ತೊಡೆ ತಟ್ಟಿಕೊಂಡು. ನಾನು ಟ್ರೇ ಇಟ್ಟು ಹಿಂದಿನ ಬಾಗಿಲಿಗೆ ಬಂದೆ. ಅಲ್ಲಿ ಅವರ ಹೆಂಡತಿ ಕೈಯಲ್ಲಿ ಬಟ್ಟಲು ಹಿಡಿದು ನಿಂತಿದ್ದಳು, ಒಳಗಿನ ಸದ್ದಿಗೆ ಕಿವಿ ಕೊಟ್ಟು.

"ನಮ್ಮಾವ್ರು ನಿಮ್ಮ ಮನ್ಯಾಗ ಬಂದ್ರಷ್ಟ ನಗತಾರ ನೋಡ್ರೀ ಬಾಯಾರ," ಎಂದಳು. "ನಮ್ಮ ಮನ್ಯಾಗ ಟೀವಿ ಮುಂದ ಕಲ್ಲ ಕುಂತಂಗ ಕುಂತಿರ್ತಾರ. ಚಾದಾಗ ಏನ ಹಾಕತೀರೋ ಏನೋ... ಇರ್ಲಿ, ಹೆಪ್ಪಿಗೆ ಒಂದ ಚಮಚಾ ಮೊಸರ ಕೊಡ್ರಿ."